ಎರಡು ಏರು, ಎರಡು ಇಳಕಲು

ಗಾಡಿಗೆ ದಾರಿ ತೋರಿಸುವ ಉಪಕರಣ ‘ಎಡಕ್ಕೆ ತಿರುಗಿ’ ಎಂದು ಬಾಣ ತೋರಿಸಿದ ಜಾಗದಲ್ಲಿ ತಿರುಗಲು ದಾರಿಯೇ ಇರಲಿಲ್ಲ. ಅಲ್ಲಿದ್ದದ್ದು ಸೇತುವೆಯ ಕಟಕಟೆ. ಕಟಕಟೆಯ ಆಚೆ ಬರೀ ಗಾಳಿ, ಮೂರಾಳು ಕೆಳಗೆ ರೋಣದ ರಸ್ತೆ. ಗಾಳಿಯಂತ್ರದ ಕಂಬದ ತುಂಡೊಂದನ್ನು ಹೇರಿಕೊಂಡು ಬಿಜಾಪುರದ ಕಡೆಯಿಂದ ಬಂದ ಚಾಲಕ ಅಲ್ಲಿ ಗಾಡಿ ನಿಲ್ಲಿಸಿ, ಇಳಿದು, ಕಟಕಟೆಗೆ ಕೈಯೂರಿ ಕೆಳಗೆ ನೋಡಿ ನಮ್ಮ ಕಚೇರಿಗೆ ಫೋನ್ ಮಾಡಿದ. ಎತ್ತಿದವಳು ನಾನು.

“ಮೇಡಮ್, ನಿಮ್ಮ ಮಷೀನು ನನಗ ಹಾರು ಅನ್ನಾಕತ್ತೈತಿ. ಹಾರಲೇನು?”

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಏಳುತ್ತಿದ್ದ ಕಾಲವದು. ಅವುಗಳ ಬಿಡಿಭಾಗ ಸಾಗಿಸುವ ಗುತ್ತಿಗೆದಾರರ ಕಚೇರಿಯಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಮನೆಯಲ್ಲಿ ಅವ್ವ ಸೀರೆ ನೇಯುತ್ತಿದ್ದಳು. ನಾನೂ ಮಗ್ಗದ ಸದ್ದಿನಲ್ಲೇ ಬೆಳೆದವಳು, ಆದರೆ ನನ್ನ ಹುಚ್ಚು ಬೇರೆಯಾಗಿತ್ತು. ಅಂತರ್ಜಾಲದಲ್ಲಿ ಒಂದು ಬಯಲು ನಕಾಶೆ ಇತ್ತು. ಯಾರು ಬೇಕಾದರೂ ಸದಸ್ಯರಾಗಿ ತಮ್ಮೂರಿನ ರಸ್ತೆ, ಕೆರೆ, ಬಸ್ ನಿಲ್ದಾಣ ಗುರುತಿಸಬಹುದು. ಯಾರು ಬೇಕಾದರೂ ತಿದ್ದಬಹುದು. ಮೊದಲ ಸಲ ಅದನ್ನು ತೆರೆದಾಗ ನಮ್ಮ ಸೀಮೆಯ ಜಾಗದಲ್ಲಿ ಏನೂ ಇರಲಿಲ್ಲ. ರೋಣ ಇಲ್ಲ, ನರಗುಂದ ಇಲ್ಲ, ಇಷ್ಟು ದೊಡ್ಡ ಗುಡ್ಡ ಇಲ್ಲ. ಸಿಟ್ಟು ಬಂತು. ರಜೆ ಸಿಕ್ಕಾಗಲೆಲ್ಲ ಕುಳಿತು ಒಂದೊಂದೇ ರಸ್ತೆ ಎಳೆಯತೊಡಗಿದೆ. ಅಂಗಡಿಯಲ್ಲಿ ಸಿಗುವ ನಕಾಶೆಗಳಲ್ಲಿ ಹೆದ್ದಾರಿ ಬಿಟ್ಟರೆ ನಮ್ಮ ಕಡೆಯದು ಖಾಲಿ ಇದ್ದದ್ದರಿಂದ, ಸೈಟ್ ಇಂಜಿನಿಯರರು ಗಾಡಿಗಳ ಜಿಪಿಎಸ್ ಉಪಕರಣಕ್ಕೆ ಈ ಬಯಲು ನಕಾಶೆಯನ್ನೇ ತುಂಬಲು ಒಪ್ಪಿದ್ದರು.

ನಾನು ಎಳೆದಾಗ ಹೆದ್ದಾರಿಯೂ ರೋಣದ ರಸ್ತೆಯೂ ನರಗುಂದದ ಹೊರಗೆ ಒಂದೇ ಮಟ್ಟದಲ್ಲಿ ಕೂಡುತ್ತಿದ್ದವು. ಆಮೇಲೆ ಅಲ್ಲಿ ಮಣ್ಣು ಏರಿಸಿ ಹೆದ್ದಾರಿಯನ್ನು ಮೇಲೆತ್ತಿದರು. ರೋಣದ ರಸ್ತೆ ಸೇತುವೆಯ ಅಡಿಗೆ ಹೋಯಿತು. ಮೇಲಕ್ಕೂ ಕೆಳಕ್ಕೂ ನಂಟು ಇರಲೆಂದು ನಾಲ್ಕು ಮೂಲೆಗೆ ನಾಲ್ಕು ರ್‍ಯಾಂಪು ಇಳಿಬಿಟ್ಟರು. ನೆಲ ಬದಲಾಗಿತ್ತು, ನಕಾಶೆಯಲ್ಲಿ ಮಾತ್ರ ಹಳೆಯ ಕತ್ತರಿ ಗುರುತು ಹಾಗೇ ಇತ್ತು.

ಆ ಗಾಡಿ ಬಹಳ ಮುಂದೆ ಹೋಗಿ, ಹೊರಳಿಕೊಂಡು ಬಂದು ಹೇಗೋ ಊರು ಮುಟ್ಟಿತು. ಇಂಜಿನಿಯರರು ಧಾರವಾಡದವರು, ಸಿಟ್ಟು ಬಂದಾಗ ದನಿ ಇಳಿಸುವ ಜಾತಿ. ನನ್ನನ್ನು ಕರೆದು ಮೆಲ್ಲಗೆ ಹೇಳಿದರು.

“ಕಂಬದ ತುಂಡು ಹೊಳ್ಳತೈತ್ರಿ. ಮುಂದಿನ ತಿಂಗಳ ಗಾಳಿಯಂತ್ರದ ರೆಕ್ಕಿ ಬರತಾವ. ಮೂರು ಬಸ್ ಸಾಲಾಗಿ ನಿಲ್ಲಿಸಿದಷ್ಟು ಉದ್ದ. ರೆಕ್ಕಿ ಹೊಳ್ಳಂಗಿಲ್ಲ. ತಪ್ಪು ದಾರಿ ಹಿಡೀತಂದ್ರ ಅಲ್ಲೇ ಸಿಕ್ಕೊಂಡು ಹೆದ್ದಾರಿನ ಬಂದ್ ಆಗತೈತಿ.”

“ನಾನು ರ್‍ಯಾಂಪ್ ಎಲ್ಲಾ ನಕಾಶ್ಯಾಗ ತಗದು ಕೊಡತೀನ್ರಿ ಸರ್.”

“ಕೊಡ್ರಿ. ಆದ್ರ ಒಂದ ಮಾತು. ಮೊದಲ್ನೇ ರೆಕ್ಕಿಗೆ ಪರೀಕ್ಷಾ ಮಾಡೂಣು. ನಾನ ಗಾಡ್ಯಾಗ ಕುಂತಿರತೀನಿ. ದಾರಿಮ್ಯಾಲೆ ಯಾರೂ ನಿಂತು ಕೈ ಮಾಡಬಾರದು, ಫೋನ್ ಮಾಡಿ ಹೇಳಬಾರದು. ನಿಮ್ಮ ನಕಾಶಿ ಹೇಳಿದಂಗ ಗುಡ್ಡ ಮುಟ್ಟಿದ್ರ ಈ ಹಂಗಾಮ ಪೂರ್ತಿ ಅದ ನಡೀತೈತಿ, ಸರ್ವೇ ಕೆಲಸಾನೂ ನಿಮ್ದ. ಇಲ್ಲಾಂದ್ರ ಹಳಿ ಪದ್ಧತಿ. ಕ್ರಾಸಿಗೊಬ್ಬ ಮನಶ್ಯಾನ್ನ ನಿಲ್ಲಸತೀನಿ, ನೀವು ಬಿಲ್ ಟೈಪ್ ಮಾಡ್ಕೋತ ಇರ್‍ರಿ.”

ಕಚೇರಿಯಿಂದ ಹೊರಬಂದು ನಾನು ನಡೆಯಲಿಲ್ಲ, ಹೆಚ್ಚುಕಡಿಮೆ ಓಡಿದೆ. ಬಿಲ್ಲು ಟೈಪು ಮಾಡುವ ಕುರ್ಚಿಯಿಂದ ಎದ್ದು ರಸ್ತೆಗೆ ಇಳಿಯುವ ಕೆಲಸ! ಅವ್ವನಿಗೆ ಹೇಳಿದಾಗ ಅವಳು ಲಾಳಿ ನಿಲ್ಲಿಸಿ ಕೇಳಿದಳು, “ರಸ್ತೆ ಕಣ್ಣಿಗೆ ಕಾಣತೈತಿ. ಅದನ್ನ ಬರಿಯೂದೇನೈತಿ?” ಬರೆಯುವುದು ಎಷ್ಟಿದೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಕಚೇರಿಯ ಜೀಪನ್ನೂ ಅದರ ಚಾಲಕರನ್ನೂ ನನಗೆ ಬಿಟ್ಟುಕೊಟ್ಟರು. ಚಾಲಕರು ರೋಣದವರು, ಎಲ್ಲರಿಗೂ ಚಾಚಾ. ಜೀಪು ಓಡಿಸುವುದೆಂದರೆ ಅವರಿಗೆ ಹಬ್ಬ, ಅದೇ ನನಗೆ ಮೊದಲ ತೊಡಕಾಯಿತು. ಕೈಯಲ್ಲಿ ಹಿಡಿದ ಉಪಕರಣ ನಾವು ಹೋದ ದಾರಿಯನ್ನು ಚುಕ್ಕಿ ಚುಕ್ಕಿಯಾಗಿ ದಾಖಲಿಸುತ್ತದೆ. ಗಾಡಿ ಜೋರಾಗಿ ಹೋದರೆ ಚುಕ್ಕಿಗಳು ದೂರ ದೂರ ಬೀಳುತ್ತವೆ, ಬಾಗಿದ ರಸ್ತೆಯೂ ಮುರಿದ ಕೋಲಿನ ಹಾಗೆ ಕಾಣುತ್ತದೆ.

“ಚಾಚಾ, ಎಮ್ಮಿ ಹಿಂದ ಹೊಂಟಂಗ ಹೋಗ್ರಿ.”

“ಬೇಟಿ, ಈ ಜೀಪಿಗೆ ಎಮ್ಮಿ ಗೇರ್ ಇಲ್ಲ.”

ಕೊನೆಗೆ ಒಪ್ಪಿದರು. ಒಂದೊಂದು ರ್‍ಯಾಂಪನ್ನು ನಾಲ್ಕೈದು ಸಲ ಇಳಿದೆವು, ಹತ್ತಿದೆವು. ಸೇತುವೆಯ ಅಡಿಗೆ ಹೋದಾಗಲೆಲ್ಲ ಆಕಾಶ ಮರೆಯಾಗಿ ಉಪಕರಣಕ್ಕೆ ದಿಕ್ಕು ತಪ್ಪುತ್ತಿತ್ತು. ಪರದೆಯ ಮೇಲೆ ನಮ್ಮ ಜೀಪು ಪಕ್ಕದ ಹತ್ತಿ ಹೊಲಕ್ಕೆ ನುಗ್ಗಿ, ಅಲ್ಲೊಂದು ಸುತ್ತು ಹೊಡೆದು ಮತ್ತೆ ರಸ್ತೆಗೆ ಬರುತ್ತಿತ್ತು. ಆಗ ನಮ್ಮ ಭಾಗದ ಉಪಗ್ರಹ ಚಿತ್ರ ಮಸಿ ಬಳಿದಂತಿತ್ತು, ಅದನ್ನು ನೋಡಿ ತಿದ್ದುವ ದಾರಿಯೂ ಇಲ್ಲ. ಹಾಗಾಗಿ ಜೀಪು ಬಿಟ್ಟು, ಸೇತುವೆಯ ಎರಡೂ ಬದಿ ಬಯಲಿಗೆ ಬಂದು ನಿಂತು, ಚುಕ್ಕಿ ನಿಲ್ಲುವತನಕ ಕಾದು, ನಡುವಿನದನ್ನು ನೇರ ಗೆರೆಯಿಂದ ಕೂಡಿಸಿದೆ.

ಗಜೇಂದ್ರಗಡಕ್ಕೆ ಬಂದು ಗೆರೆ ಎಳೆಯಲು ಕುಳಿತಾಗ ಖುಷಿ ಶುರುವಾಯಿತು. ಹೊರಗಿನವರಿಗೆ ಅದು ಬರೀ ಗೆರೆ. ಒಳಗೆ ಪ್ರತಿ ಗೆರೆಗೂ ಟ್ಯಾಗ್ ಎಂಬ ಗುರುತುಚೀಟಿ ಅಂಟಿಸಬೇಕು. ಇದು ಹೆದ್ದಾರಿ, ಇದು ಹೆದ್ದಾರಿಗೆ ಅಂಟಿದ ಕೂಡುರಸ್ತೆ, ಇಲ್ಲಿಂದ ಇಲ್ಲಿಗೆ ಸೇತುವೆ, ಸೇತುವೆ ಕೆಳಗಿನ ರಸ್ತೆಗಿಂತ ಒಂದು ಅಂತಸ್ತು ಮೇಲೆ. ಎರಡು ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡಿದ್ದರೆ ಅಲ್ಲಿ ತಿರುಗಬಹುದು ಎಂದು ಉಪಕರಣ ನಂಬುತ್ತದೆ. ನಮ್ಮ ಚಾಲಕನಿಗೆ ಹಾರು ಎಂದದ್ದು ಆ ಬಿಂದುವೇ. ಮೊದಲು ಅದನ್ನು ಬಿಡಿಸಿದೆ. ಹಳೆಯ ಗಂಟು ಬಿಚ್ಚಿದ ಹಾಗೆ ಎರಡೂ ರಸ್ತೆ ಬೇರೆಯಾದವು. ಆಮೇಲೆ ನಾಲ್ಕು ರ್‍ಯಾಂಪು ಎಳೆದು ಅವುಗಳಿಗೆ ಏಕಮುಖ ಎಂದು ಬರೆದೆ. ಏಕಮುಖ ರಸ್ತೆಯ ಬಾಣ ಗೆರೆ ಎಳೆದ ದಿಕ್ಕಿಗೇ ಇರುತ್ತದೆ. ಮೇಲಿಂದ ಕೆಳಕ್ಕೆ ಎಳೆದರೆ ಇಳಿಯುವ ದಾರಿ, ಕೆಳಗಿಂದ ಎಳೆದರೆ ಹತ್ತುವ ದಾರಿ.

ಉಳಿದದ್ದು ಹೆಸರು. ಸರಕಾರಿ ಫಲಕ ಒಂದೂ ಇರಲಿಲ್ಲ. ಜನ ಏನೆನ್ನುತ್ತಾರೋ ಅದನ್ನೇ ಬರೆಯಬೇಕೆಂದು ಸೇತುವೆಯ ಹತ್ತಿರದ ಚಹದ ಹೋಟೆಲಿನಲ್ಲಿ ಒಂದು ಇಡೀ ಮಧ್ಯಾಹ್ನ ಕುಳಿತೆ. ತಗಡಿನ ಚಪ್ಪರದ ಸಣ್ಣ ಹೋಟೆಲು, ನಡೆಸುವವರು ನರಗುಂದದ ಒಬ್ಬ ಅಕ್ಕ. ಗಿರಾಕಿಗಳನ್ನು ಕೇಳುವ ಕೆಲಸವನ್ನು ಅವರೇ ವಹಿಸಿಕೊಂಡರು.

“ಏ ಕಾಕಾ, ಚಾ ಆಮ್ಯಾಲೆ ಕುಡೀವಂತಿ. ಇದಕ್ಕೇನಂತಿ ಮೊದಲ ಹೇಳು, ಈ ಬಾಯಾರು ಬರಕೋಬೇಕಂತ.”

“ಇದಕ? ಮಿಲ್ಲಿನ ಇಳಕಲು.”

ಬಿಜಾಪುರದ ಕಡೆಯಿಂದ ಬಂದು ರೋಣದ ಮಗ್ಗುಲಿಗೆ ಇಳಿಯುವ ರ್‍ಯಾಂಪಿನ ಬುಡದಲ್ಲಿ ಹತ್ತಿ ಮಿಲ್ಲಿತ್ತು. ಅದಕ್ಕೆ ಮಿಲ್ಲಿನ ಇಳಕಲು. ಅದೇ ಮಗ್ಗುಲಿನಿಂದ ಹುಬ್ಬಳ್ಳಿ ಕಡೆಗೆ ಹತ್ತುವುದು ಬನ್ನಿಗಿಡದ ಏರು. ಆಚೆ ಮಗ್ಗುಲಿನವು ಕಾಲುವೆ ಏರು, ಹಳ್ಳದ ಇಳಕಲು. ಎರಡು ಏರು, ಎರಡು ಇಳಕಲು. ಯಾರೂ ಸಭೆ ಕೂಡಿ ಇಟ್ಟ ಹೆಸರಲ್ಲ, ಬಸ್ಸಿನವರು, ಟಂಟಂ ಆಟೋದವರು ಬಾಯಿಗೆ ಬಂದಂತೆ ಕರೆದು ರೂಢಿಗೆ ಬಂದದ್ದು. ಬೆಳವಣಕಿಯ ಟ್ರ್ಯಾಕ್ಟರಿನವರೊಬ್ಬರು ಮಾತ್ರ ಒಪ್ಪಲಿಲ್ಲ.

“ಮಿಲ್ಲಿನ ಇಳಕಲಲ್ಲ, ಮಿಲ್ಲಿನ ಏರು. ನಾ ದಿನಾ ಏರತೀನಿ.”

“ನೀ ಉಲ್ಟಾ ಏರತೀಯೋ ಅಪ್ಪಾ!” ಎಂದು ಅಕ್ಕ ನಕ್ಕರು. “ಒಂದಿನ ಲಾರಿಯಾಂವ ಎದುರ ಬಂದಾಗ ನಿನಗ ಗೊತ್ತಾಗತೈತಿ, ಏರೋ ಇಳಕಲೋ ಅಂತ.”

ನಾಲ್ಕೂ ಹೆಸರನ್ನು ಕನ್ನಡದಲ್ಲೂ, ಉಪಕರಣಕ್ಕೆ ಕನ್ನಡ ಬರದೆ ಚೌಕಗಳನ್ನು ತೋರಿಸುತ್ತಿದ್ದುದರಿಂದ ರೋಮನ್ ಅಕ್ಷರದಲ್ಲೂ ಬರೆದು ಉಳಿಸಿದೆ. ಆವತ್ತು ನನಗೆ ಊಟ ಸೇರಲಿಲ್ಲ. ಜಗತ್ತಿನ ನಕಾಶೆಯ ಮೇಲೆ ‘ಬನ್ನಿಗಿಡದ ಏರು’ ಇತ್ತು!

ಎರಡು ದಿನ ಇತ್ತು. ಮೂರನೆಯ ದಿನ ನೋಡಿದರೆ ನಾಲ್ಕೂ ಹೆಸರು ಮಾಯ. ಅಳಿಸಿದವರು ಜರ್ಮನಿಯ ಒಬ್ಬ ಸದಸ್ಯರು. ಊರಿನಲ್ಲಿ ಟ್ರಾಮ್ ಓಡಿಸುವುದು ಅವರ ಕೆಲಸ, ಜಗತ್ತಿನಾದ್ಯಂತ ಹೆದ್ದಾರಿಗಳ ಕೂಡುರಸ್ತೆಗಳಲ್ಲಿ ತಪ್ಪು ಹುಡುಕಿ ತಿದ್ದುವುದು ಹವ್ಯಾಸ ಎಂದು ತಮ್ಮ ಪುಟದಲ್ಲಿ ಬರೆದುಕೊಂಡಿದ್ದರು. ಅಳಿಸಿದ್ದಕ್ಕೆ ಕಾರಣವನ್ನೂ ಇಟ್ಟಿದ್ದರು. ರ್‍ಯಾಂಪಿಗೆ ಹೆಸರಿರುವುದಿಲ್ಲ, ಅದು ಎಲ್ಲಿಗೆ ಒಯ್ಯುತ್ತದೆ ಎಂಬುದಷ್ಟೇ ಇರುತ್ತದೆ.

ನಾನು ಕೂಡಲೇ ಉತ್ತರ ಬರೆದೆ. ನಿಮ್ಮಲ್ಲಿ ಇರಲಿಕ್ಕಿಲ್ಲ, ನಮ್ಮಲ್ಲಿ ಇದೆ. ನಾನು ಕೂತು ಕೇಳಿ ಬಂದಿದ್ದೇನೆ. ಅವರೂ ಬಿಡಲಿಲ್ಲ. ನಿಮ್ಮ ಊರಿಗೆ ಹೊಸದಾಗಿ ಬರುವ ಚಾಲಕನಿಗೆ ಉಪಕರಣ ‘ಮಿಲ್ಲಿನ ಇಳಕಲಿಗೆ ತಿರುಗಿ’ ಎಂದರೆ ಅವನಿಗೇನು ತಿಳಿಯುತ್ತದೆ? ‘ರೋಣದ ಕಡೆಗೆ’ ಎಂದರೆ ತಿಳಿಯುತ್ತದೆ.

ಆ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಾತು ಖರೇ ಇತ್ತು. ನಾನು ಈ ಕೆಲಸ ಮಾಡುತ್ತಿದ್ದದ್ದು ಹೊಸಬರಿಗಾಗಿಯೇ ತಾನೇ? ಆದರೆ ಅದೇ ಹೊಸಬ ದಾರಿ ತಪ್ಪಿ ನಿಂತು ಯಾರನ್ನಾದರೂ ಕೇಳಿದಾಗ ಜನ ಹೇಳುವುದು ಮಿಲ್ಲಿನ ಇಳಕಲು ಎಂದೇ. ಎರಡೂ ಬೇಕು. ಹಾಗೆಂದೇ ಬರೆದೆ. ಮೂರ್ನಾಲ್ಕು ದಿನ ಪತ್ರ ಓಡಾಡಿ ಒಂದು ಒಪ್ಪಂದಕ್ಕೆ ಬಂದೆವು. ಮುಖ್ಯ ಹೆಸರಿನ ಜಾಗ ಖಾಲಿ. ಎಲ್ಲಿಗೆ ಒಯ್ಯುತ್ತದೆ ಎನ್ನುವಲ್ಲಿ ರೋಣ, ಗಜೇಂದ್ರಗಡ. ಸ್ಥಳೀಯ ಹೆಸರು ಎನ್ನುವಲ್ಲಿ ಮಿಲ್ಲಿನ ಇಳಕಲು. ಇದರಂತೆ ತಾವೇ ತಿದ್ದಿ ಓರಣ ಮಾಡುವುದಾಗಿ ಅವರು ಬರೆದರು. ನಾನು ಸಂತೋಷದಿಂದ ಒಪ್ಪಿದೆ. ಅವರು ತಿದ್ದಿದ ಮೇಲೆ ಆ ನಕಾಶೆಯಿಂದಲೇ ಉಪಕರಣದ ಕಡತ ತಯಾರಿಸಿ, ಮೆಮೊರಿ ಕಾರ್ಡಿಗೆ ತುಂಬಿ, ಬಿಜಾಪುರಕ್ಕೆ ಹೊರಟಿದ್ದ ಇಂಜಿನಿಯರರ ಕೈಗೆ ಕೊಟ್ಟೆ. ನನ್ನ ಉಪಕರಣಕ್ಕೂ ಅದನ್ನೇ ತುಂಬಿಕೊಂಡೆ.

ಪರೀಕ್ಷೆಯ ದಿನ ಬೆಳಗ್ಗೆಯೇ ಚಾಚಾ ಮತ್ತು ನಾನು ಅಕ್ಕನ ಹೋಟೆಲಿಗೆ ಬಂದು ಕುಳಿತೆವು. ಕೈ ಮಾಡುವಂತಿಲ್ಲ, ನೋಡುವುದಕ್ಕೇನು ಅಡ್ಡಿ? ಇಳಕಲಿನ ತುದಿಯ ತಿರುವಿನಲ್ಲಿ ರೆಕ್ಕೆಯ ಗಾಡಿಗೆ ಚಪ್ಪರ ತಾಗುತ್ತದೆಂದು ಮೊದಲೇ ಅಳೆದಿದ್ದೆವು. ಅಕ್ಕ ಆಗಲೇ ತಗಡು ಬಿಚ್ಚಿ ಒಲೆಯನ್ನು ಮಿಲ್ಲಿನ ಗೋಡೆಯ ಮಗ್ಗುಲಿಗೆ ಒಯ್ದಿದ್ದರು.

“ನಿಮಗ ತ್ರಾಸ ಆತ್ರಿ ಅಕ್ಕಾ.”

“ತ್ರಾಸ ಏನು? ಗಾಳಿ ಎದ್ದಾಗೊಮ್ಮೆ ನಾನ ಬಿಚ್ಚಿ ಕಟ್ಟತೀನಿ. ಇವತ್ತ ಗಾಳಿ ಪಂಕಾನ ಬರಾಕತ್ತೈತಿ, ಬಿಚ್ಚದ ಇರಾಕ ಆಗತದೇನು?”

ಚಹ ಕುಡಿಯುತ್ತ, ಮಾಡಲು ಬೇರೆ ಕೆಲಸವಿಲ್ಲದೆ, ನನ್ನ ಉಪಕರಣದಲ್ಲಿ ಬಿಜಾಪುರದಿಂದ ಗಜೇಂದ್ರಗಡಕ್ಕೆ ದಾರಿ ಕೇಳಿದೆ. ಗೆರೆ ಹೆದ್ದಾರಿಯ ಮೇಲೆ ಚೆನ್ನಾಗಿ ಇಳಿದು ಬಂತು. ಸೇತುವೆಯ ಹತ್ತಿರ ಬಂದು ಬಲಕ್ಕೆ ತಿರುಗಿತು.

ಕಣ್ಣು ತಿಕ್ಕಿಕೊಂಡು ಮತ್ತೆ ಕೇಳಿದೆ. ಮತ್ತೆ ಬಲಕ್ಕೆ. ಎದುರು ಬರುವ ಗಾಡಿಗಳನ್ನು ಅಡ್ಡ ದಾಟಿ, ಕಾಲುವೆ ಏರನ್ನು ಉಲ್ಟಾ ಇಳಿದು, ಸೇತುವೆಯ ಕಂಬಗಳ ನಡುವೆ ನುಸುಳಿ ರೋಣದ ಕಡೆಗೆ ಹೋಗು ಎನ್ನುತ್ತಿತ್ತು. ಮೂರು ಬಸ್ಸಿನಷ್ಟು ಉದ್ದದ ರೆಕ್ಕೆ ಆ ಕಂಬಗಳ ನಡುವೆ ತಿರುಗುವ ಮಾತೇ ಇರಲಿಲ್ಲ. ಪರದೆಯನ್ನು ದೊಡ್ಡದು ಮಾಡಿ ನೋಡಿದೆ. ಮಿಲ್ಲಿನ ಇಳಕಲಿನ ಬಾಣ ಮೇಲಕ್ಕೆ ತೋರಿಸುತ್ತಿತ್ತು. ನಾಲ್ಕಕ್ಕೆ ನಾಲ್ಕೂ ಬಾಣ ತಿರುಗಿ ಕುಳಿತಿದ್ದವು.

“ಏನಾತು ಬೇಟಿ? ಮಾರಿ ಯಾಕ ಬೆಳ್ಳಗಾತು?” ಎಂದರು ಚಾಚಾ. ತೋರಿಸಿದೆ. ಅವರು ಒಂದು ಗಳಿಗೆ ನೋಡಿ, “ನೀ ಯಾಕ ಚಿಂತಿ ಮಾಡತಿ? ಗಾಡಿ ಬಂದ್ ಕೂಡ್ಲೆ ನಾ ಮ್ಯಾಲೆ ನಿಂತು ಒಂದ್ ಸೀಟಿ ಹೊಡದು ಎಡಕ್ಕ ಕೈ ಮಾಡತೀನಿ. ಸಾಹೇಬರಿಗೆ ಎಲ್ಲಿ ಗೊತ್ತಾಗತೈತಿ?” ಎಂದರು.

ಆಸೆಯಾಯಿತು. ಇವತ್ತಿನ ಮಟ್ಟಿಗೆ ಪರೀಕ್ಷೆ ಪಾಸಾಗುತ್ತಿತ್ತು. ಆದರೆ ನಾಡಿದ್ದು ಬರುವ ರೆಕ್ಕೆಗೆ ಯಾರು ಸೀಟಿ ಹೊಡೆಯುವವರು? ಆ ಗಾಡಿಯಲ್ಲಿ ಇಂಜಿನಿಯರರೂ ಇರುವುದಿಲ್ಲ, ಚಾಲಕ ಬಾಣವನ್ನು ನಂಬಿ ಬಲಕ್ಕೆ ಹೊಡೆದರೆ ಎದುರಿಗೆ ಬಸ್ಸು ಬರಬಹುದು. ಉಪಕರಣ ಬೆಂಚಿನ ಮೇಲಿಟ್ಟು ಫೋನ್ ತೆಗೆದೆ.

“ಸರ್, ಎಲ್ಲದೀರಿ?”

“ಫೋನ್ ಮಾಡಬಾರದು ಅಂದಿದ್ನಲ್ರಿ.” ಹಿಂದೆ ಗಾಡಿಯ ಸದ್ದು ಕೇಳುತ್ತಿತ್ತು.

“ನಕಾಶಿ ತಪ್ಪೈತ್ರಿ ಸರ್. ರ್‍ಯಾಂಪಿನ ಬಾಣಾ ಎಲ್ಲಾ ಉಲ್ಟಾ ಆಗ್ಯಾವ. ಕುಳಗೇರಿ ಕ್ರಾಸ್ ದಾಟಬ್ಯಾಡ್ರಿ, ಅಲ್ಲೇ ನಿಲ್ಲಸ್ರಿ.”

ಆ ಕಡೆ ದನಿ ಇಳಿಯಿತು. “ಹಂಗಾರ ಪರೀಕ್ಷಾ ಮುಗೀತಲ್ರಿ?”

“ಡ್ರೈವರ್ ಎಲ್ಲೆರೆ ಊಟಕ್ಕ ನಿಲ್ಲಸತಾರಲ್ರಿ ಸರ್? ಕುಳಗೇರಿ ಕ್ರಾಸಿನ್ಯಾಗ ಊಟ ಮಾಡ್ರಿ. ಅವರು ಕೈ ತೊಳಕೊಳ್ಳೂದ್ರೊಳಗ ಹೊಸಾ ಕಾರ್ಡ್ ತಂದು ಕೊಡತೀನಿ. ಆಗಲಿಲ್ಲಂದ್ರ ಹಳಿ ಪದ್ಧತಿ.”

“ಅಂವ ಭಾಳ ಲಗೂ ಉಣ್ಣಾಂವ ಅದಾನ್ರಿ,” ಎಂದರು. ಆದರೆ ಬೇಡ ಎನ್ನಲಿಲ್ಲ.

ಜೀಪು ನರಗುಂದದ ಪೇಟೆಗೆ ಹೋದದ್ದು ಹೇಗೆಂದು ನನಗೆ ನೆನಪಿಲ್ಲ. ಎಮ್ಮೆ ಗೇರಿನ ಮಾತು ಆವತ್ತು ಯಾರೂ ತೆಗೆಯಲಿಲ್ಲ. ಇಂಟರ್‌ನೆಟ್ ಸೆಂಟರಿನಲ್ಲಿ ಕುಳಿತು ಆ ನಾಲ್ಕು ಗೆರೆಗಳ ಇತಿಹಾಸ ತೆರೆದೆ. ಬಯಲು ನಕಾಶೆಯ ಒಂದು ಚೆಂದವೆಂದರೆ ಯಾರು, ಯಾವಾಗ, ಏನು ತಿದ್ದಿದರು ಎಂಬುದೆಲ್ಲ ಅಲ್ಲೇ ಇರುತ್ತದೆ. ಹೆಸರುಗಳನ್ನು ಓರಣ ಮಾಡಿದ ಅದೇ ಸಲ ಜರ್ಮನಿಯ ಸದಸ್ಯರು ಕೊನೆಗೊಂದು ಸಾಲು ಸೇರಿಸಿದ್ದರು: ಬಾಣಗಳ ದಿಕ್ಕನ್ನೂ ಸರಿಪಡಿಸಿದ್ದೇನೆ.

ನಕಾಶೆಗಾರರು ಹರಟುವ ಪುಟವೊಂದಿತ್ತು. ಅವರ ಕಡೆ ಬೆಳಗಾಗಿತ್ತು, ಹೆಸರು ಹಸಿರಾಗಿ ಮಿನುಗುತ್ತಿತ್ತು. ಬಾಣ ಯಾಕೆ ತಿರುಗಿಸಿದಿರಿ ಎಂದು ಕೇಳಿದೆ. ಹೆದ್ದಾರಿಯಿಂದ ಇಳಿಯುವವರು ಬಲಗಡೆಯ ರ್‍ಯಾಂಪಿನಿಂದ ಇಳಿಯಬೇಕು, ನೀವು ಎಡಗಡೆಯದನ್ನು ಇಳಿಯುವಂತೆ ಎಳೆದಿದ್ದಿರಿ, ಎಂದು ತಕ್ಷಣ ಉತ್ತರ ಬಂತು. ನಾನು ಒಂದೇ ಸಾಲು ಬರೆದೆ. ಇಲ್ಲಿ ನಾವು ರಸ್ತೆಯ ಎಡಕ್ಕೆ ಹೋಗುತ್ತೇವೆ. ನಮ್ಮಲ್ಲಿ ಇಳಕಲು ಎಂದರೆ ಇಳಿಯುವುದು, ಏರು ಎಂದರೆ ಹತ್ತುವುದು; ನೀವು ಅಳಿಸಿದ ಹೆಸರುಗಳಲ್ಲೇ ಬಾಣ ಇತ್ತು.

ಒಂದೇ ಸಮನೆ ಸಾಲುಗಳು ಬರತೊಡಗಿದವು. ದೇವರೇ. ಎಡಕ್ಕೆ. ಕ್ಷಮಿಸಿ. ಟ್ರಾಮ್ ಓಡಿಸುವವನಾಗಿ ಇದು ನನಗೆ ಹೊಳೆಯಬೇಕಿತ್ತು. ನಾನೇನು ಮಾಡಲಿ ಹೇಳಿ.

ಅಷ್ಟರಲ್ಲಿ ನಾನು ನಾಲ್ಕೂ ಗೆರೆಗಳನ್ನು ಹಿಂದುಮುಂದು ಮಾಡಿ ಉಳಿಸಿದ್ದೆ. ಅದು ಸುಲಭದ ಕೆಲಸ. ಕಷ್ಟದ್ದು ಮುಂದಿತ್ತು. ತಿದ್ದಿದ ನಕಾಶೆಯನ್ನು ಉಪಕರಣ ಓದುವ ಕಡತವಾಗಿ ಪರಿವರ್ತಿಸಬೇಕು, ಅದಕ್ಕೆ ಆ ಹಳೆಯ ಕಂಪ್ಯೂಟರು ಬಹಳ ಹೊತ್ತು ಉಸಿರುಗಟ್ಟಿ ದುಡಿಯಬೇಕು. ಶುರು ಮಾಡಿದೆ. ಅರ್ಧಕ್ಕೆ ಬಂದಿರಬೇಕು, ಫ್ಯಾನು ನಿಂತಿತು.

“ಕರೆಂಟ್ ಹೋತ್ರಿ,” ಎಂದ ಸೆಂಟರಿನ ಮಾಲಕ, ನನಗೆ ಕಾಣದೇ ಇದ್ದರೆ ಎಂಬಂತೆ. ಮೇಜಿನ ಕೆಳಗಿನ ಬ್ಯಾಟರಿ ಕೀಂ ಕೀಂ ಎನ್ನತೊಡಗಿತು. “ಭಾಳ ಹೊತ್ತ ತಡಿಯಂಗಿಲ್ರಿ ಅದು. ಲಗೂ ಮುಗಸ್ರಿ.”

ಪರಿವರ್ತನೆ ಮುಗಿಯುವವರೆಗೆ ಬ್ಯಾಟರಿ ಬಾಳುವುದಿಲ್ಲ. ಆದರೆ ಸಣ್ಣ ಕಡತವೊಂದನ್ನು ಇಳಿಸಿಕೊಳ್ಳುವಷ್ಟು ಬಾಳಬಹುದು. ಪರಿವರ್ತನೆಯನ್ನು ಕೊಂದು ಹಾಕಿ ಹರಟೆಯ ಪುಟಕ್ಕೆ ಹಾರಿದೆ. ಏನು ಮಾಡಲಿ ಎಂದಿರಲ್ಲ? ಕಡತ ನೀವು ಮಾಡಿ ಕೊಡಿ. ನಮ್ಮ ಜಿಲ್ಲೆಯಷ್ಟೇ ಕತ್ತರಿಸಿ. ಇಲ್ಲಿ ಕರೆಂಟಿಲ್ಲ.

ಬಂತು ಉತ್ತರ: ಮಾಡುತ್ತಿದ್ದೇನೆ.

ಆ ಕೀಂ ಕೀಂ ಸದ್ದನ್ನು ನಾನು ಈಗಲೂ ಕನಸಿನಲ್ಲಿ ಕೇಳಬಲ್ಲೆ. ಚಾಚಾ ಬಾಗಿಲಲ್ಲಿ ನಿಂತು ಕೀಲಿಕೈ ತಿರುಗಿಸುತ್ತಿದ್ದರು. ಮಾಲಕ ಉಳಿದ ಕಂಪ್ಯೂಟರುಗಳನ್ನೆಲ್ಲ ಆರಿಸಿ, ಗಿರಾಕಿಗಳನ್ನು ಎಬ್ಬಿಸಿ, ನನ್ನ ಹಿಂದೆ ಬಂದು ನಿಂತ. ಎದ್ದ ಗಿರಾಕಿಗಳೂ ಮನೆಗೆ ಹೋಗದೆ ಅವನ ಹಿಂದೆ ನಿಂತರು. ಕೊಂಡಿ ಬಂತು. ಒತ್ತಿದೆ. ನೀಲಿ ಪಟ್ಟಿ ಬೆಳೆಯತೊಡಗಿತು, ನಿಂತಿತು, ಮತ್ತೆ ಬೆಳೆಯಿತು. ಕೀಂ ಸದ್ದು ಒಂದಕ್ಕೊಂದು ಹತ್ತಿರವಾಯಿತು.

“ಬಾ, ಬಾ, ಬಾ,” ಎನ್ನುತ್ತಿದ್ದ ಮಾಲಕ, ಎತ್ತು ಕರೆದ ಹಾಗೆ.

ಪಟ್ಟಿ ತುಂಬಿತು. ಕಾರ್ಡಿಗೆ ನಕಲು ಮಾಡಿದೆ. ಹೊರಗೆ ಎಳೆದುಕೊಂಡು ಬಾಗಿಲು ದಾಟುವಷ್ಟರಲ್ಲಿ ಹಿಂದೆ ಪರದೆ ಕಪ್ಪಾಯಿತು, ಇಡೀ ಕೋಣೆ ‘ಹೋ’ ಎಂದಿತು. ಜರ್ಮನಿಯವರಿಗೆ ಧನ್ಯವಾದ ಹೇಳಲೂ ಆಗಲಿಲ್ಲ.

ಕುಳಗೇರಿ ಕ್ರಾಸಿನಲ್ಲಿ ರೆಕ್ಕೆಯನ್ನು ಮೊದಲ ಸಲ ನೋಡಿದೆ. ರಸ್ತೆಯ ಪಕ್ಕಕ್ಕೆ ಬೆಳ್ಳಗೆ, ನುಣ್ಣಗೆ, ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿ ಬಾಗಿ ಆಕಾಶಕ್ಕೆ ಸೇರುವಂತೆ ಮಲಗಿತ್ತು. ಸುತ್ತ ಜನ. ಸೊಲ್ಲಾಪುರದ ಕಡೆಯ ಚಾಲಕ ಉಂಡಾಗಿತ್ತು, ಕೈಯನ್ನೂ ತೊಳೆದಾಗಿತ್ತು. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಇಂಜಿನಿಯರರು ನಡೆದದ್ದನ್ನೆಲ್ಲ ಕೇಳಿ, ಕಾರ್ಡು ತೆಗೆದುಕೊಂಡು, ಉಪಕರಣಕ್ಕೆ ಹಾಕುವ ಮೊದಲು ನನ್ನನ್ನು ನೋಡಿದರು. “ಒಂದ ಮಾತು ಹೇಳ್ರಿ. ಎಲ್ಲೋ ಕುಂತಾಂವ ಒಬ್ಬಾಂವ ನಮ್ಮ ರಸ್ತೆ ಉಲ್ಟಾ ಮಾಡ್ತಾನ ಅಂದ್ರ, ಈ ನಕಾಶಿ ಯಾರ ಬೇಕಾದ್ರೂ ಕೆಡಸಬಹುದಲ್ಲ? ಇದನ್ನ ಹ್ಯಾಂಗ ನಂಬೂದು?”

“ಕೆಡಸಬಹುದ್ರಿ ಸರ್. ಕೆಡಿಸಿದಾವರ ಈಗ ಕಾರ್ಡಿನ ಫೈಲ್ ಮಾಡಿ ಕೊಟ್ಟಾರ್ರಿ. ಯಾರು ಏನ್ ಮಾಡಿದ್ರು ಅಂತ ಕಾಣತೈತಿ. ನಾಳಿಯಿಂದ ಎಡಕ್ಕ ಹೋಗೋ ದೇಶ ಅಂತ ಪ್ರತಿ ರ್‍ಯಾಂಪಿಗೂ ಟಿಪ್ಪಣಿ ಬರೀತೀನಿ. ಪ್ರತಿ ರೆಕ್ಕಿ ಹೊಂಡೂದಕ್ಕ ಮೊದಲ ಬಿಜಾಪುರದಿಂದ ಗುಡ್ಡದತನಕ ದಾರಿ ಕೇಳಿ ನೋಡಿ, ಆಮ್ಯಾಲೆ ಕಾರ್ಡ್ ಕೊಡತೀನಿ. ಇವತ್ತ ಹಂಗ ನೋಡಿದ್ದಕ್ಕ ಸಿಕ್ತಲ್ರಿ.”

ಅವರು ಕಾರ್ಡನ್ನು ಬೆರಳಲ್ಲಿ ಹೊರಳಿಸಿ ನೋಡಿದರು. ಚಾಲಕ ಎಲೆ ಜಗಿಯುತ್ತ, “ಹಾಕ್ರಿ ಸಾಹೇಬ್ರ, ಹೊತ್ತಾತು. ಗುಡ್ಡದ ಗಾಳಿ ಕಾಯಾಕತ್ತೈತಿ,” ಎಂದರು. ಕಾರ್ಡು ಒಳಗೆ ಹೋಯಿತು.

ನಾವು ಮುಂದೆ ಬಂದು ಮಿಲ್ಲಿನ ಇಳಕಲಿನ ಬುಡದಲ್ಲಿ ನಿಂತೆವು. ಚಾಚಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು, ಅಪ್ಪಿತಪ್ಪಿಯೂ ಮೇಲೇಳಬಾರದೆಂದು. ಅಕ್ಕ ಸೌಟು ಹಿಡಿದೇ ಬಂದು ನಿಂತಿದ್ದರು. ಏರಿಯ ಮೇಲೆ ಮೊದಲು ಕೆಂಪು ಬಾವುಟ ಕಂಡಿತು, ಆಮೇಲೆ ಗಾಡಿಯ ಮೂತಿ. ನಿಧಾನವಾಗಿ ಬಂತು. ರ್‍ಯಾಂಪಿನ ಬಾಯಿ ಹತ್ತಿರವಾಯಿತು. ಇನ್ನೂ ನೇರವೇ ಬರುತ್ತಿತ್ತು.

ಎಡಗಡೆಯ ದೀಪ ಮಿಣುಕಿತು.

“ಹಚ್ಚಿದಾ! ಎಡಕ್ಕ ಹಚ್ಚಿದಾ!” ಚಾಚಾ ಕುಣಿದೇಬಿಟ್ಟರು. ಕಟ್ಟಿದ ಕೈ ಯಾವಾಗ ಬಿಚ್ಚಿತೋ, ಅವರು ನನ್ನ ತಲೆಯ ಮೇಲೆ ತಟ್ಟುತ್ತಿದ್ದರು. ಗಾಡಿ ಇಳಿಯತೊಡಗಿತು. ಹಿಂದಿನ ಗಾಲಿಗಳನ್ನು ತಿರುಗಿಸುವವನು ಬಾಲದ ಹತ್ತಿರ ನಡೆಯುತ್ತಲೇ ಬರುತ್ತಿದ್ದ. ತಳಕ್ಕೆ ಬಂದು ತಿರುಗುವಾಗ ರೆಕ್ಕೆಯ ತುದಿ ಏರಿಯ ಇಳಿಜಾರಿನ ಮೇಲೆ ದೊಡ್ಡದೊಂದು ಅರ್ಧಚಂದ್ರ ಬರೆಯಿತು. ಹೊಟ್ಟೆಯ ಭಾಗ ನಿನ್ನೆಯವರೆಗೆ ಚಪ್ಪರವಿದ್ದ ಖಾಲಿ ಜಾಗದ ಮೇಲಿಂದ, ಅಕ್ಕನ ಮುಖಕ್ಕೆ ನೆರಳು ಚೆಲ್ಲುತ್ತ ಸಾಗಿತು. ಎಲ್ಲೂ ತಾಗಲಿಲ್ಲ. ರೋಣದ ರಸ್ತೆಯ ಮೇಲೆ ನೇರವಾಗಿ ನಿಂತು, ಒಮ್ಮೆ ಉದ್ದಕ್ಕೆ ಹಾರ್ನ್ ಹೊಡೆದು ಯಾವಗಲ್ ಕಡೆಗೆ ಹೊರಟಿತು. ಕಿಟಕಿಯಿಂದ ಇಂಜಿನಿಯರರ ತಲೆ ಹೊರಬಂತು.

“ಮೇಡಮ್,” ಎಂದು ಕೂಗಿದರು. ದನಿ ಏರಿಸಿದ್ದನ್ನು ಅದೇ ಮೊದಲು ಕೇಳಿದ್ದು. “ನಾಳಿಂದ ಬಿಲ್ ಟೈಪ್ ಮಾಡಾಕ ಬ್ಯಾರೇದಾವ್ರನ್ನ ನೋಡತೀನ್ರಿ!”

ಸಂಜೆ ಜರ್ಮನಿಗೆ ಬರೆದೆ. ರೆಕ್ಕೆ ಗುಡ್ಡ ಮುಟ್ಟಿತು ಎಂದು ತಿಳಿಸಿದೆ. ಇವತ್ತು ಟ್ರಾಮ್ ಓಡಿಸುವಾಗ ಪ್ರತಿ ತಿರುವಿನಲ್ಲೂ ನಿಮ್ಮ ರೆಕ್ಕೆಯ ನೆನಪಾಗುತ್ತಿತ್ತು ಎಂದು ಉತ್ತರಿಸಿದ ಅವರು, ಎಡಕ್ಕೆ ಹೋಗುವ ದೇಶಗಳ ಪಟ್ಟಿ ಹಾಕಿಕೊಂಡು ತಾವು ಹಿಂದೆ ತಿದ್ದಿದ್ದನ್ನೆಲ್ಲ ಮತ್ತೆ ನೋಡುತ್ತಿರುವುದಾಗಿ ತಿಳಿಸಿದ್ದರು.

ಹಂಗಾಮು ಮುಗಿಯುವ ಮೊದಲು ಒಂದು ದಿನ ನರಗುಂದದಿಂದ ರೋಣಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಸೇತುವೆಯ ಅಡಿ ದಾಟಿದ ಕೂಡಲೇ ಬಸ್ಸು ನಿಂತಿತು. ಮಿಲ್ಲಿನ ಇಳಕಲಿನಿಂದ ಒಂದು ರೆಕ್ಕೆ ಇಳಿಯುತ್ತಿತ್ತು. ಚಾಲಕ ಯಾರೋ ಹೊಸಬ, ನಾನು ಎಂದೂ ನೋಡಿದವನಲ್ಲ. ಮುಂದೆ ಜೀಪಿಲ್ಲ, ದಾರಿಯ ಮೇಲೆ ಕೈ ಮಾಡುವವರಿಲ್ಲ. ಅವನು ಒಮ್ಮೆಯೂ ಅನುಮಾನಿಸದೆ ಬಂದು, ಅಗಲಕ್ಕೆ ತಿರುವು ತೆಗೆದುಕೊಂಡು ನಮ್ಮ ಮುಂದೆ ಹಾದು ಹೋದ. ನಾನು ಸೀಟಿನಿಂದ ಎದ್ದು ಕಿಟಕಿಯಿಂದ ಕೈ ಬೀಸಿ ಕೂಗುತ್ತಿದ್ದೆನಂತೆ.

ಪಕ್ಕದಲ್ಲಿ ಬುಟ್ಟಿ ಹಿಡಿದು ಕುಳಿತಿದ್ದ ಜಕ್ಕಲಿಯ ಹೆಂಗಸು ನನ್ನ ಸೆರಗು ಜಗ್ಗಿದಳು.

“ಯಾಕವಾ, ಡ್ರೈವರ ನಿಮ್ಮಾಂವ ಏನು?”

“ಅಲ್ರಿ,” ಎಂದೆ. “ದಾರಿ ನಮ್ದು.”